ನವೆಂಬರ್ ಚಳಿಯಲ್ಲಿ ಟ್ರೌಟ್ ಹಿಡಿಯುವುದು ಹೇಗೆ?

ನವೆಂಬರ್ ಬಂತೆಂದರೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮರಗಳೆಲ್ಲ ಬೋಳು. ಸುಮಾರು ಜನ ಗಾಳದ ಕೋಲನ್ನು ಒಳಗಿಟ್ಟುಬಿಡುತ್ತಾರೆ. ಬೆಲ್‌ಫಾಂಟ್ ಊರಿನ ಹತ್ತಿರದ ಸ್ಪ್ರಿಂಗ್ ಕ್ರೀಕ್ ಹೊಳೆಗೆ ಹೋಗಲು ನನಗೆ ಮಾತ್ರ ಇದೇ ಇಷ್ಟದ ಕಾಲ. ಸುಣ್ಣಕಲ್ಲಿನ ಒರತೆಗಳ ನೀರು ಚಳಿಯಲ್ಲೂ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೊರಬರುತ್ತದೆ, ಹಾಗಾಗಿ ಬೇರೆ ಹೊಳೆಗಳ ಮೀನು ಮಂಕಾದಾಗಲೂ ಇಲ್ಲಿನ ಬ್ರೌನ್ ಟ್ರೌಟ್ ತಿನ್ನುವುದನ್ನು ಬಿಡುವುದಿಲ್ಲ.

ಹೊರಡುವ ಮುಂಚೆ ಲೈಸೆನ್ಸ್ ಮಾಡಿಸಿ. 16 ವರ್ಷ ತುಂಬಿದವರಿಗೆ ಅದರ ಜೊತೆ ಟ್ರೌಟ್ ಪರ್ಮಿಟ್ ಕೂಡ ಬೇಕು. ಹಿಡಿದ ಮೀನನ್ನು ಮನೆಗೆ ಒಯ್ಯುವಂತಿಲ್ಲ, ಹಿಂದೆ ಈ ನೀರಿಗೆ ವಿಷ ರಾಸಾಯನಿಕ ಸೇರಿದ್ದರಿಂದ ಬಂದ ನಿಯಮ ಅದು.

ಬೆಳಿಗ್ಗೆ ಬೇಗ ಏಳುವುದೇನೂ ಬೇಡ. 11ರಿಂದ 3 ಗಂಟೆವರೆಗೆ ಸಾಕು. ಬಿಸಿಲಿಗಿಂತ ಮೋಡ ಕವಿದ ದಿನವೇ ಒಳ್ಳೆಯದು.

ಹೊಳೆಗೆ ಇಳಿಯುವ ಮೊದಲು ದಡದಲ್ಲೇ ಐದು ನಿಮಿಷ ನಿಂತು ತಳ ನೋಡಿ. ಬ್ರೌನ್ ಟ್ರೌಟ್ ಮೊಟ್ಟೆ ಇಡುವುದು ಅಕ್ಟೋಬರ್, ನವೆಂಬರಿನಲ್ಲೇ. ಪಾಚಿ ಹಿಡಿದು ಕಪ್ಪಾದ ಕಲ್ಲುಗಳ ನಡುವೆ ಒಂದು ಕಡೆ ಮಾತ್ರ ಗುಡಿಸಿಟ್ಟ ಹಾಗೆ ತಿಳಿಯಾದ ಹರಳಿನ ತೇಪೆ ಕಾಣುತ್ತದೆ. ಹೆಣ್ಣು ಮೀನು ಬಾಲದಿಂದ ಬಡಿದು ಬಡಿದು ಮಾಡಿದ ಗೂಡು ಅದು. ಅಲ್ಲಿ ಕಾಲಿಟ್ಟರೆ ನೂರಾರು ಮೊಟ್ಟೆ ಹೊಸಕಿಹೋಗುತ್ತವೆ. ಗೂಡಿನ ಮೇಲೆ ಜೋಡಿ ನಿಂತಿದ್ದರೆ ಅವಕ್ಕೆ ಗಾಳ ಎಸೆಯಬೇಡಿ, ಎಷ್ಟೇ ದೊಡ್ಡವಿದ್ದರೂ ಸರಿ. ಬಿಟ್ಟುಬಿಡಿ, ದಯವಿಟ್ಟು.

ಸಾಮಾನು ಜಾಸ್ತಿ ಬೇಡ. 9 ಅಡಿಯ 5-ವೇಟ್ ರಾಡ್ (ಮಧ್ಯಮ ತೂಕದ ಲೈನಿಗೆ ಹೊಂದುವ ಕೋಲು), ತೇಲುವ ಲೈನ್, ತುದಿಗೆ 5ಎಕ್ಸ್ ಅಥವಾ 6ಎಕ್ಸ್‌ನ ತೆಳು ಟಿಪೆಟ್, ಅಂದರೆ ಗಾಳ ಕಟ್ಟುವ ಕೊನೆಯ ಎಳೆ. ಬೆರಳ ತುದಿ ತೆರೆದಿರುವ ಉಣ್ಣೆ ಕೈಗವಸು ಮರೆಯಬೇಡಿ, ಮರಗಟ್ಟಿದ ಬೆರಳಲ್ಲಿ ಗಂಟು ಹಾಕಲು ಆಗುವುದಿಲ್ಲ.

ಯಾವ ಫ್ಲೈ, ಅಂದರೆ ಹುಳದಂತೆ ಕಾಣುವ ನಕಲಿ ಎರೆಯ ಗಾಳ, ಕಟ್ಟಬೇಕು? ಹೊಳೆಯನ್ನೇ ಕೇಳಿ. ಗೂಡಿಲ್ಲದ ಕಡೆ ಒಂದು ಕಲ್ಲೆತ್ತಿ ಮಗುಚಿದರೆ ಬೂದು ಬಣ್ಣದ, ಚಪ್ಪಟೆ ಮೈಯ, ಅಕ್ಕಿಕಾಳಿನಷ್ಟು ಚಿಕ್ಕ ಹುಳುಗಳು ಮೆಲ್ಲಗೆ ತೆವಳುತ್ತವೆ. ಅವೇ ಕ್ರೆಸ್‌ಬಗ್. ಅದೇ ಅಳತೆಯ, ಅಂದರೆ 16 ಅಥವಾ 18ನೇ ನಂಬರಿನ ಫ್ಲೈ ಕಟ್ಟಿ. ಮಧ್ಯಾಹ್ನ ನೀರಿನ ಮೇಲೆ ಪುಟ್ಟ ಹಾಯಿದೋಣಿಗಳಂತೆ ಬ್ಲೂ-ವಿಂಗ್ಡ್ ಆಲಿವ್ ಎಂಬ ರೆಕ್ಕೆಹುಳಗಳು ತೇಲಿಬಂದರೆ, ತೇಲುವ ಫ್ಲೈಗೆ ಬದಲಾಯಿಸಿ.

ಈಗ ಎಸೆತ. ದೂರ ಎಸೆಯುವ ಆಸೆ ಬೇಡ, 20 ಅಡಿ ಧಾರಾಳ. ಹರಿವಿಗೆ ಎದುರಾಗಿ, ಮೀನು ಇರಬಹುದಾದ ಜಾಗಕ್ಕಿಂತ ಸ್ವಲ್ಪ ಮೇಲೆ ಎಸೆದು, ಫ್ಲೈ ತಳ ಮುಟ್ಟಲು ಸಮಯ ಕೊಡಿ. ನೀರು ಹೋದಷ್ಟೇ ವೇಗದಲ್ಲಿ ಅದೂ ಹೋಗಬೇಕು. ಲೈನ್ ಎಳೆದರೆ ಫ್ಲೈ ಓರೆಯಾಗಿ ಜಾರುತ್ತದೆ, ಯಾವ ಹುಳವೂ ಹಾಗೆ ಹೋಗುವುದಿಲ್ಲ ಅಲ್ವಾ? ಲೈನಿನ ಹೊಟ್ಟೆಯನ್ನು, ಅಂದರೆ ನಡುವೆ ಬಾಗಿದ ಭಾಗವನ್ನು, ಕೋಲಿನ ತುದಿಯಿಂದ ಎತ್ತಿ ಹರಿವಿನ ಮೇಲ್ಬದಿಗೆ ಮಗುಚಿ ಹಾಕಿ. ಚಳಿಯಲ್ಲಿ ಕಚ್ಚುವುದೂ ಮೆಲ್ಲಗೆ. ಇಂಡಿಕೇಟರ್ (ಕಚ್ಚಿದ್ದನ್ನು ತೋರಿಸಲು ಲೈನಿಗೆ ಕಟ್ಟುವ ತೇಲುಬುರುಡೆ) ಒಂದು ಕ್ಷಣ ನಿಂತಂತೆ ಕಂಡರೂ ಕೋಲೆತ್ತಿ.

ಸಿಕ್ಕಿತೇ? ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣಗೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ತುದಿಯ ಹಿಮ್ಮುಳ್ಳು ಅದುಮಿದ ಗಾಳವಾದರೆ ನೀರಲ್ಲೇ ಬಿಡಿಸಬಹುದು. ಆಮೇಲೆ ತಲೆ ಹರಿವಿಗೆ ಎದುರಾಗಿಟ್ಟು ಹೊಟ್ಟೆಯಡಿ ಸುಮ್ನೆ ಅಂಗೈ ಒಡ್ಡಿ. ಕಿವಿರು ನಾಲ್ಕಾರು ಸಲ ತೆರೆದು ಮುಚ್ಚುತ್ತದೆ, ಕೆಂಪು ಚುಕ್ಕೆಯ ಪಕ್ಕೆ ಒಮ್ಮೆ ಬಿಗಿಯುತ್ತದೆ, ಅಷ್ಟರಲ್ಲಿ ಅಂಗೈ ಖಾಲಿ.