ಕಾದ ಸೂರಿನ ಕೆಳಗೆ

ನಮ್ಮ ಮನೆ ಕಟ್ಟಡದ ಕೊನೆಯ ಮಹಡಿಯಲ್ಲಿದೆ. ತಲೆಯ ಮೇಲೆ ತಾರಸಿ, ಅದರ ಮೇಲೆ ನೇರ ಬಿಸಿಲು. ಮೊದಲ ಬೇಸಿಗೆಗೇ ಸೋತು ಒಂದೂವರೆ ಟನ್ನಿನ ಎ.ಸಿ. ಹಾಕಿಸಿದೆ. ರಾತ್ರಿಯಿಡೀ 20ಕ್ಕೆ ಇಟ್ಟು ಮಲಗುತ್ತಿದ್ದೆವು. ಒಂದು ರಾತ್ರಿ ಹತ್ತೂವರೆಗೆ ಕರೆಂಟ್ ಹೋಯಿತು. ಅರ್ಧ ಗಂಟೆಯೊಳಗೆ ಕೋಣೆ ಮತ್ತೆ ಕುದಿಯತೊಡಗಿತು. ಎಂಬತ್ತು ದಾಟಿದ ಅಪ್ಪನ ಕೈ ಹಿಡಿದು ತಾರಸಿಗೆ ಹೋದರೆ ಅಲ್ಲಿ ತಣ್ಣನೆಯ ಗಾಳಿ ಬೀಸುತ್ತಿತ್ತು. ಕಾಲಡಿಯ ನೆಲ ಮಾತ್ರ ಇನ್ನೂ ಬಿಸಿಯಾಗಿತ್ತು. ಹೊರಗೆ ಇಷ್ಟು ತಂಪಿರುವಾಗ ಒಳಗೇಕೆ ಆ ಧಗೆ ಎಂಬ ಪ್ರಶ್ನೆ ಆಮೇಲೆ ನನ್ನನ್ನು ಬಿಡಲಿಲ್ಲ.

ಮರುದಿನವೇ ಎರಡು ತಾಪಮಾಪಕಗಳನ್ನು ತಂದೆ. ಒಂದನ್ನು ಹೊರಗೆ ನೆರಳಿನಲ್ಲಿಟ್ಟೆ, ಇನ್ನೊಂದನ್ನು ಮಲಗುವ ಕೋಣೆಯಲ್ಲಿಟ್ಟೆ. ಎ.ಸಿ. ಹಾಕುವ ಮೊದಲು ಎರಡನ್ನೂ ನೋಡಿ ಎರಡು ವಾರ ಬರೆದಿಟ್ಟೆ. ಮಧ್ಯಾಹ್ನ ಮೂರಕ್ಕೆ ಹೊರಗೆ 39 ಡಿಗ್ರಿ, ಒಳಗೆ 34. ರಾತ್ರಿ ಹತ್ತಕ್ಕೆ ಹೊರಗೆ 29, ಒಳಗೆ 36! ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಹೀರಿಕೊಂಡು, ಗಂಟೆಗಟ್ಟಲೆ ತಡವಾಗಿ ಕೆಳಕ್ಕೆ ಬಿಡುತ್ತಿತ್ತು. ಮಂಚದ ಮೇಲೆ ಸ್ಟೂಲ್ ಇಟ್ಟು ಹತ್ತಿ ಸೂರಿಗೆ ಅಂಗೈ ಒತ್ತಿದೆ. ಜ್ವರ ಬಂದವರ ಹಣೆ ಮುಟ್ಟಿದಂತಾಯಿತು. ಎ.ಸಿ. ಎಷ್ಟೇ ಗಾಳಿ ತಣಿಸಿದರೂ ಆ ಸೂರು ನಮ್ಮ ಮೈಮೇಲೆ ಕಾವು ಸೂಸುತ್ತಲೇ ಇತ್ತು. ಅದಕ್ಕಾಗಿಯೇ ನಾವು 20ರ ತನಕ ಇಳಿಯಬೇಕಾಗಿತ್ತು.

ಮೊದಲು ಸಂಜೆ ಹೊತ್ತು ತಾರಸಿಗೆ ನೀರು ಚಿಮುಕಿಸಿದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೊತ್ತೊಯ್ಯುತ್ತದೆ, ಆದ್ದರಿಂದ ಪರಿಣಾಮವೇನೋ ಕಾಣಿಸಿತು. ಆದರೆ ಬೇಸಿಗೆಯಲ್ಲಿ ದಿನವೂ ಅಷ್ಟು ನೀರು ಚೆಲ್ಲಲು ಮನಸ್ಸು ಒಪ್ಪಲಿಲ್ಲ. ಬಿಸಿಲು ಒಳಗಿಳಿಯುವ ಮೊದಲೇ ತಡೆಯುವುದು ಸರಿ ಎನಿಸಿ, ತಾರಸಿಯನ್ನು ಚೆನ್ನಾಗಿ ಉಜ್ಜಿ ತೊಳೆದು ಬಿಸಿಲನ್ನು ಪ್ರತಿಫಲಿಸುವ ಬಿಳಿ ಬಣ್ಣವನ್ನು ಎರಡು ಕೈ ಬಳಿದೆ. ರಾತ್ರಿಯ ಒಳಗಿನ ತಾಪ ಮೂರು ಡಿಗ್ರಿ ಇಳಿಯಿತು. ನಾನು ಮಾಡಿದ ಎಲ್ಲದರಲ್ಲಿ ಇದಕ್ಕೇ ಮೊದಲ ಸ್ಥಾನ. ಧೂಳು ಕೂತರೆ ಫಲ ಕುಂದುತ್ತದೆ. ಬೇಸಿಗೆಗೆ ಮುನ್ನ ತೊಳೆಯಲೇಬೇಕು.

ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಇತ್ತು, ಆದರೆ ಒಳಗಡೆ. ಗಾಜು ದಾಟಿ ಬಂದ ಬಿಸಿಲಿನಿಂದ ಪರದೆ ಕಾದು, ಆ ಕಾವು ಕೋಣೆಯಲ್ಲೇ ಉಳಿಯುತ್ತಿತ್ತು. ಬಿದಿರಿನ ತಟ್ಟಿಯನ್ನು ಕಿಟಕಿಯ ಹೊರಗೆ ಕಟ್ಟಿದ ಮೇಲೆ ಸಂಜೆಯ ಆ ಉರಿ ಹೋಯಿತು. ಬೆಳಗ್ಗೆ ಹೊರಗಿನ ತಾಪ ಒಳಗಿನದನ್ನು ಮೀರುತ್ತಿದ್ದಂತೆ ಕಿಟಕಿಗಳನ್ನು ಮುಚ್ಚುತ್ತೇನೆ. ರಾತ್ರಿ ಹೊರಗಿನದು ಕೆಳಗಿಳಿದ ಮೇಲೆ ಎದುರುಬದುರು ಕಿಟಕಿಗಳನ್ನು ತೆರೆದು, ಒಂದರಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಡುತ್ತೇನೆ. ಅದು ಬಿಸಿಗಾಳಿಯನ್ನು ಹೊರದಬ್ಬಿದರೆ ಇನ್ನೊಂದರಿಂದ ತಂಪು ತಾನಾಗಿ ಒಳಬರುತ್ತದೆ.

ಮಳೆಗೆ ಮುಂಚಿನ ಆ ಜಿಗುಟು ದಿನಗಳಲ್ಲಿ ಮಾತ್ರ ಇದಾವುದೂ ಸಾಲದು. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ನೀರಿನ ಕೂಲರ್ ತಂದು ನೋಡಿದೆ. ಅದು ತೇವವನ್ನು ಇನ್ನಷ್ಟು ಹೆಚ್ಚಿಸಿತು. ಇಂಥ ದಿನಗಳಿಗೆ ಎ.ಸಿ.ಯೇ ಬೇಕು. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಮೊದಲ ಆಧುನಿಕ ಎ.ಸಿ.ಯನ್ನು ವಿನ್ಯಾಸಗೊಳಿಸಿದ್ದೇ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಕಾಗದವನ್ನು ಕೆಡಿಸುತ್ತಿದ್ದ ತೇವಾಂಶವನ್ನು ಹತೋಟಿಗೆ ತರಲು. ಈಗ ನಮ್ಮ ಎ.ಸಿ. 26ರಲ್ಲಿ ಓಡುತ್ತದೆ, ಜೊತೆಗೆ ಸೀಲಿಂಗ್ ಫ್ಯಾನ್. ಫ್ಯಾನಿಗೆ ಬೇಕಾಗುವುದು ಸುಮಾರು 75 ವ್ಯಾಟ್, ಎ.ಸಿ.ಗೆ ಪೂರ್ತಿ ದುಡಿಯುವಾಗ ಅದರ ಇಪ್ಪತ್ತರಷ್ಟು. ಎರಡು ವಾರಕ್ಕೊಮ್ಮೆ ಎ.ಸಿ.ಯ ಜಾಲರಿ ತೊಳೆಯುತ್ತೇನೆ.

ಎ.ಸಿ. ಇಲ್ಲದೆಯೇ ಬದುಕಬೇಕೆಂಬ ಹಟ ನನಗಿಲ್ಲ. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದು ಕಡಿಮೆ, ಬೆವರುವುದೂ ಕಡಿಮೆ. ಅಪ್ಪ ‘ನನಗೇನೂ ಸೆಕೆಯಿಲ್ಲ’ ಎಂದರೂ ನಾನು ತಾಪಮಾಪಕವನ್ನೇ ನಂಬುತ್ತೇನೆ. ಕೋಣೆ 40 ಮುಟ್ಟಿದರೆ ಫ್ಯಾನ್ ಬೀಸುವುದು ಮೈಗಿಂತ ಬಿಸಿಯಾದ ಗಾಳಿಯನ್ನು. ಆಗ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಮಾತು ತೊದಲಿದರೆ, ಗೊಂದಲಗೊಂಡರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಿನ ಆಘಾತ. ಮೈಗೆ ನೀರು ಸುರಿದು ಗಾಳಿ ಬೀಸುತ್ತಾ ಕೂಡಲೇ ಆಂಬುಲೆನ್ಸ್ ಕರೆಯಬೇಕು ಎಂಬುದನ್ನು ಮನೆಯವರೆಲ್ಲ ಕಲಿತಿದ್ದೇವೆ.

ಈ ಬೇಸಿಗೆಯಲ್ಲಿ ಎ.ಸಿ. ಬೇಕಾದದ್ದು ಹನ್ನೊಂದು ರಾತ್ರಿ. ಮಿಕ್ಕ ರಾತ್ರಿಗಳಲ್ಲಿ ಹತ್ತರ ಹೊತ್ತಿಗೆ ಅಪ್ಪ ಕನ್ನಡಕ ಹಾಕಿಕೊಂಡು ಎರಡೂ ತಾಪಮಾಪಕಗಳನ್ನು ನೋಡುತ್ತಾರೆ, ‘ಹೊರಗೆ ಇಳಿದಿದೆ’ ಎನ್ನುತ್ತಾರೆ, ಎದ್ದು ಹೋಗಿ ತಾವೇ ಕಿಟಕಿ ತೆರೆಯುತ್ತಾರೆ.