ಕನ್ನಂಬಾಡಿ ಕಟ್ಟೆ ನೋಡಿ ಕಾಸ್ಟಿಕ್ ತರಿಸುವುದು

ನಾನು ಕೆಮಿಕಲ್ ವ್ಯಾಪಾರಿ. ‘ಆಸಿಡ್ ಜೊತೆ ಕೆಲಸ, ಹೆದರಿಕೆ ಆಗಲ್ವಾ?’ ಅಂತ ನೆಂಟರೆಲ್ಲ ಕೇಳುತ್ತಾರೆ. ಆಸಿಡ್ ಕ್ಯಾನು ಒಂದು ಶೆಡ್ಡಿನಲ್ಲಿ, ಬ್ಲೀಚಿಂಗ್ ಪೌಡರ್ ಇನ್ನೊಂದರಲ್ಲಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಅದನ್ನು ಮರೆಯದಿದ್ದರೆ ಆಸಿಡ್ ಸುಮ್ನೆ ಇರುತ್ತದೆ. ನನ್ನ ಕೈ ಸುಟ್ಟಿದ್ದು ರೇಟಿನಿಂದ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಚಿಕ್ಕ ಗೋಡೌನ್. ದೊಡ್ಡ ಗಿರಾಕಿಗಳು ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಗಳು. ಕಬ್ಬಿನ ರಸ ಕಾಯಿಸುವ ಕೊಳವೆಗಳಲ್ಲಿ ಕಟ್ಟುವ ಗಟ್ಟಿ ಪದರ (ಸ್ಕೇಲ್) ಬಿಡಿಸಲು ಅವರಿಗೆ ಕಾಸ್ಟಿಕ್ ಸೋಡಾ ಬೇಕು.

2022ರಲ್ಲಿ ಕಾಸ್ಟಿಕ್ ರೇಟು ಏರುತ್ತಲೇ ಇತ್ತು. ಇನ್ನೂ ಏರುತ್ತೆ ಅಂತ ಸಾಲ ಮಾಡಿ ಎರಡು ಲೋಡ್ ಇಳಿಸಿಕೊಂಡೆ. 2023ರಲ್ಲಿ ರೇಟು ಬಿತ್ತು. ಮಳೆಗಾಲದಲ್ಲಿ ಕೆಲವು ಮೂಟೆಗಳು ತೇವ ಎಳೆದು ಕಲ್ಲಾದವು. ಬಡ್ಡಿ ಮಾತ್ರ ಕರಗಲಿಲ್ಲ. ಕಾಸ್ಟಿಕ್ಕಿನ ರೇಟಾಗಲಿ ಪೂರೈಕೆಯಾಗಲಿ ನನ್ನ ಲೆಕ್ಕದಂತೆ ನಡೆಯಲ್ಲ ಅಂತ ಆಮೇಲೆ ಗೊತ್ತಾಯಿತು. ಉಪ್ಪುನೀರಿಗೆ ಕರೆಂಟ್ ಹಾಯಿಸಿದರೆ ಕಾಸ್ಟಿಕ್ ಜೊತೆ ಕ್ಲೋರಿನ್ನೂ ಬರುತ್ತದೆ. ಕ್ಲೋರಿನ್ ಖರ್ಚಾಗದಿದ್ದರೆ ತಯಾರಕರು ಪ್ಲಾಂಟ್ ನಿಧಾನ ಮಾಡುತ್ತಾರೆ, ಆಗ ಕಾಸ್ಟಿಕ್ ಸಿಗೋದು ಕಷ್ಟ. ಕ್ಲೋರಿನ್ ಬಳಸುವ ಪಿವಿಸಿ ವ್ಯಾಪಾರ ಎಲ್ಲೋ ಮಂದವಾದರೆ ಏಟು ನನಗೆ!

ಅದೇ ವರ್ಷ ಕನ್ನಂಬಾಡಿಯೂ ತುಂಬಲಿಲ್ಲ. ಕಬ್ಬು ಸುಮಾರು ಒಂದು ವರ್ಷದ ಬೆಳೆ. ಹಾಗಾಗಿ ನಾಲೆಗೆ ನೀರು ಬಾರದ ನೋವು ನನ್ನ ಆರ್ಡರ್ ಪುಸ್ತಕಕ್ಕೆ ಮುಂದಿನ ಸೀಸನ್ನಿನಲ್ಲಿ ತಟ್ಟಿತು. ಈಗ ಆಗಸ್ಟ್‌ನಲ್ಲಿ ಕಟ್ಟೆಯಲ್ಲಿ ಎಷ್ಟು ಅಡಿ ಇದೆ ಅಂತ ನೋಡದೆ ದೊಡ್ಡ ಲೋಡ್ ಬರೆಸೋದೇ ಇಲ್ಲ.

ಬಾಕಿ ವಸೂಲಿಯದು ಇನ್ನೊಂದು ತಲೆನೋವು. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನೋ ಕಾನೂನು ನೆಚ್ಚಿ ಕೂತಿದ್ದೆ. ಅದು ತಯಾರಕರಿಗೆ, ಸೇವೆ ಕೊಡುವವರಿಗೆ. ನಾನು ಬರೀ ವ್ಯಾಪಾರಿ, ನನಗಿಲ್ಲ ಅಂತ ಆಡಿಟರ್ ನಗುತ್ತಲೇ ಹೇಳಿದರು.

ಕೊನೆಗೆ ಹಾಲಿನ ಡೈರಿಗಳ ಬಾಗಿಲು ತಟ್ಟಿದೆ. ಪೈಪು, ಟ್ಯಾಂಕು ತೊಳೆಯಲು ಅವರಿಗೆ ವರ್ಷಪೂರ್ತಿ ಕಾಸ್ಟಿಕ್ ಬೇಕು. ಆರ್ಡರ್ ಸಣ್ಣದು, ಲಾಭವೂ ಸಣ್ಣದು, ಆದರೆ ತಿಂಗಳಿಗೊಮ್ಮೆ ಬರುತ್ತದೆ.

2024ರ ಜುಲೈನಲ್ಲಿ ಕಟ್ಟೆ 124.80 ಅಡಿ ತುಂಬಿತು. ‘ಈ ಸಲ ಜಾಸ್ತಿ ಬೇಕಾಗುತ್ತೆ, ರೆಡಿ ಇಟ್ಕೊಳ್ಳಿ’ ಅಂತ ಹಳೇ ಗಿರಾಕಿಯ ಫೋನ್ ಬಂತು. ಒಂದೇ ಲೋಡ್ ತರಿಸಿದೆ.