ಭಿನ್ನರಾಶಿ ಭಾಗಾಕಾರ: ಉಳಿದದ್ದು ಎಷ್ಟು?

ಆರನೇ ಕ್ಲಾಸಿನ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿ: 5 ಲೀಟರ್ ಎಣ್ಣೆಯನ್ನು ¾ ಲೀಟರ್ ಹಿಡಿಯುವ ಬಾಟಲಿಗಳಿಗೆ ಹಾಕಿದರೆ ಎಷ್ಟು ಬಾಟಲಿ ಪೂರ್ತಿ ತುಂಬುತ್ತವೆ, ಎಷ್ಟು ಎಣ್ಣೆ ಉಳಿಯುತ್ತದೆ?

ತಲೆಕೆಳಗು ಮಾಡಿ ಗುಣಿಸಿ 6⅔ ತರುತ್ತಾರೆ. ಅಲ್ಲಿವರೆಗೆ ಸರಿ. ಆಮೇಲೆ ‘⅔ ಲೀಟರ್ ಉಳಿಯಿತು’ ಎಂದು ಬರೆದುಬಿಡುತ್ತಾರೆ! ಆ ⅔ ಬಾಟಲಿಯ ಲೆಕ್ಕ, ಲೀಟರಿನದ್ದಲ್ಲ.

ಚೌಕುಳಿ ಹಾಳೆಯಲ್ಲಿ 20 ಮನೆ ಗುರುತು ಹಾಕಿಸಿ. ಒಂದು ಮನೆ ಅಂದರೆ ಕಾಲು ಲೀಟರ್. ಮೂರು ಮೂರು ಮನೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದರೆ 6 ಗುಂಪು, 2 ಮನೆ ಬಾಕಿ. ಉಳಿದದ್ದು ಅರ್ಧ ಲೀಟರ್. ಸೂತ್ರದ ಬಾಯಿಪಾಠ ಇದಾದ ಮೇಲೆ ಸಾಕು.

ಸಂಖ್ಯೆ ಹಾಗೇ ಇಟ್ಟು ಪ್ರಶ್ನೆ ಬದಲಿಸಿ: ಅಷ್ಟೂ ಎಣ್ಣೆಗೆ ಎಷ್ಟು ಬಾಟಲಿ ಬೇಕು? ಈಗ ಉತ್ತರ 7.